ಪರಿಚಯದಲ್ಲಿ ಬರೆಯದೆ ಬಿಟ್ಟ ಒಂಬತ್ತು ವರ್ಷ

ವಿಶ್ವವಿದ್ಯಾಲಯಗಳ ಎಚ್‌ಆರ್ (ಸಿಬ್ಬಂದಿ ವ್ಯವಹಾರ) ವಿಭಾಗದವರು ಸಲಹೆಗೆಂದು ನನ್ನ ಹತ್ತಿರ ಬಂದರೆ ಸುತ್ತಿ ಬಳಸಿ ಒಂದೇ ಮಾತಿಗೆ ಬರುತ್ತಾರೆ: "ಅಲ್ಲಿ ಎಲ್ಲರೂ ಡಾಕ್ಟರೇಟ್ ಮಾಡಿದವರು, ನಾನೊಬ್ಬಳೇ ಹೀಗೆ." ಅಂಥವರಲ್ಲಿ ಒಬ್ಬರ ವಿಷಯ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನಲವತ್ತು ದಾಟಿದ ಮಹಿಳೆ. ಒಂದು ವಿಭಾಗದ ಕಚೇರಿಯಲ್ಲಿ ಕ್ಲರ್ಕ್ ಆಗಿ ಸೇರಿದವರು. ಆಮೇಲೆ ಸಂಬಳದ ಸೆಕ್ಷನ್, ನೇಮಕಾತಿ. ಈಗ ಎಚ್‌ಆರ್ ಕನ್ಸಲ್ಟೆಂಟ್. ನೇಮಕ, ರಜೆ, ಬಡ್ತಿ, ಜಗಳ, ದೂರು, ಯಾವುದೇ ಬಂದರೂ ವಿಭಾಗದ ಮುಖ್ಯಸ್ಥರು ಇವರನ್ನೇ ಕೇಳುತ್ತಾರೆ. ಒಂದು ಮೀಟಿಂಗಿನಲ್ಲಿ ಪ್ರೊಫೆಸರೊಬ್ಬರು "ನಿಮ್ಮ ಪಿಎಚ್‌ಡಿ ಯಾವ ವಿಷಯದಲ್ಲಿ?" ಎಂದು ಕೇಳಿದ ಮೇಲೆ ನಿದ್ದೆ ಕೆಟ್ಟಿತ್ತು.

ತಮಗೆ ಇಂಪೋಸ್ಟರ್ ಸಿಂಡ್ರೋಮ್ ಎಂದು ಅವರೇ ತೀರ್ಮಾನ ಮಾಡಿಕೊಂಡು ಬಂದಿದ್ದರು. 1978ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಇದನ್ನು ವಿವರಿಸಿದಾಗ ಕಾಯಿಲೆ ಎಂದಿರಲಿಲ್ಲ. ಸಾಧನೆ ಕಣ್ಣೆದುರಿಗಿದ್ದರೂ 'ನನ್ನ ಬಂಡವಾಳ ಬಯಲಾಗುತ್ತೆ' ಅನ್ನುವ ಭಯ ಅದು. ಇವರಿಗೆ ಭಯ ಇತ್ತು, ನಿಜ. ಆದರೆ ಇವರನ್ನು ಒಂದು ಮೆಟ್ಟಿಲು ಕೆಳಗೆ ನೋಡುವವರೂ ಅಲ್ಲಿ ಇದ್ದರಲ್ವಾ? ಡಿಗ್ರಿಯಿಂದಲೇ ಆಳನ್ನು ಅಳೆಯುವ ಜಾಗದಲ್ಲಿ ಎಲ್ಲವನ್ನೂ ಇವರ ತಲೆಯೊಳಗಿನ ಸಮಸ್ಯೆ ಅನ್ನುವುದು ನನಗೆ ಸರಿ ಕಾಣಲಿಲ್ಲ.

ಒಂದು ದಿನ ವೆಬ್‌ಸೈಟಿಗೆ ಹಾಕಬೇಕಾದ ತಮ್ಮ ಪರಿಚಯ ಬರೆದುಕೊಂಡು ಬಂದರು. ಎಲ್ಲ ದೊಡ್ಡ ದೊಡ್ಡ ಪದಗಳು. ಕ್ಲರ್ಕ್ ಆಗಿದ್ದ ಒಂಬತ್ತು ವರ್ಷದ ಸುದ್ದಿಯೇ ಇಲ್ಲ. "ಅದನ್ನೆಲ್ಲ ಯಾರು ಓದ್ತಾರೆ ಮೇಡಂ" ಅಂದರು. ನಾನು ಮಾತು ಬೆಳೆಸಲಿಲ್ಲ. ಈ ವಾರ ಕೆಲಸ ಹೇಗಿತ್ತು ಎಂದು ಕೇಳಿದೆ.

ಒಬ್ಬ ಸಂಶೋಧನಾ ಸಹಾಯಕರ ತಕರಾರು ಬಂದಿತ್ತಂತೆ. ಒಂದು ಪ್ರಾಜೆಕ್ಟಿನ ಹಣ ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡು ವಾರದ ಅಂತರ. ಕಂಪ್ಯೂಟರಿನಲ್ಲಿ ಅವರು ಹೊಸದಾಗಿ ಸೇರಿದವರು ಅಂತ ಬಂದಿತ್ತು. ಹಳೆ ಸೇವೆ ಲೆಕ್ಕಕ್ಕಿಲ್ಲ, ಕೂಡಿಟ್ಟ ರಜೆಯೂ ಇಲ್ಲ. ಮುಖ್ಯಸ್ಥರು ಕೈಚೆಲ್ಲಿದ್ದರು. ಇವರು ಆ ಎರಡು ವಾರದ ಹಾಜರಿ ಹಾಳೆ ತರಿಸಿದರು. ಮನುಷ್ಯ ದಿನಾ ಬಂದು ಸಹಿ ಹಾಕಿದ್ದ. ಆ ದಿನಗಳ ಸಂಬಳವನ್ನು ವಿಭಾಗವೇ ತನ್ನ ಸ್ವಂತ ನಿಧಿಯಿಂದ ಕೊಟ್ಟಿತ್ತು. ಅಲ್ಲಿಗೆ ಸೇವೆ ಕಡಿದಿರಲಿಲ್ಲ.

"ಹಾಜರಿ ಹಾಳೆ ನೋಡಬೇಕು ಅಂತ ಹೇಗೆ ಹೊಳೀತು?"

"ಅಯ್ಯೋ, ಅಂಥ ಹಾಳೆ ನಾನೇ ಎಷ್ಟು ಬರೆದಿಲ್ಲ! ಪ್ರಾಜೆಕ್ಟ್ ಹಣ ಬರೋದು ತಡವಾದ್ರೆ ಹಾಗೇ ಮಾಡ್ತಿದ್ವಿ."

ಹೇಳಿ ಸುಮ್ಮನಾದರು. ಮೇಜಿನ ಮೇಲಿದ್ದ ಪರಿಚಯದ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆವತ್ತು ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ.

ಮುಂದಿನ ಭೇಟಿಯಲ್ಲಿ ಎರಡು ಸಲಹೆ ಕೊಟ್ಟೆ. ಆ ಒಂಬತ್ತು ವರ್ಷ ಪರಿಚಯದ ಮೊದಲ ಸಾಲಿಗೇ ಬರಲಿ. ಆ ಪ್ರೊಫೆಸರ ಪ್ರಶ್ನೆಯ ಮೇಲೆ ಅವರು ಹಾಕಬೇಕು ಅಂದುಕೊಂಡಿದ್ದ ಪಿಎಚ್‌ಡಿ ಅರ್ಜಿ ಒಂದು ವರ್ಷ ಮುಂದಕ್ಕೆ ಹೋಗಲಿ. ಎರಡನೆಯದಕ್ಕೆ ನನ್ನ ಸಹೋದ್ಯೋಗಿಗಳೇ ಆಕ್ಷೇಪ ಎತ್ತಿದರು, ಓದುವವರನ್ನು ತಡೆಯಬಾರದು ಅಂತ. ನಾನು ಓದಬೇಡಿ ಅನ್ನಲಿಲ್ಲ. ವಿಷಯದ ಮೇಲೆ ಆಸೆಯಿದ್ದರೆ ಐವತ್ತಕ್ಕೂ ಓದಲಿ. ಇವರಿಗೆ ಸಂಶೋಧನೆ ಮಾಡಬೇಕಾದ ಪ್ರಶ್ನೆಯೇ ಇರಲಿಲ್ಲ, ಒಬ್ಬ ಪ್ರೊಫೆಸರ ಪ್ರಶ್ನೆಗೆ ಉತ್ತರ ಬೇಕಿತ್ತು ಅಷ್ಟೇ. ಅದಕ್ಕಾಗಿ ನಾಲ್ಕೈದು ವರ್ಷದ ರಾತ್ರಿಗಳನ್ನು ಕೊಡುವುದು ತೀರಾ ಜಾಸ್ತಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಈ ವೃತ್ತಿಯ ಹೆಸರುಗಳೂ ಜನರನ್ನು ದಾರಿ ತಪ್ಪಿಸುತ್ತವೆ. 1997ರ ಸುಮಾರಿಗೆ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಡೇವ್ ಉಲ್ರಿಚ್ ಅವರ ವಿಚಾರಗಳು ಹರಡಿದ ಮೇಲೆ ಎಚ್‌ಆರ್‌ನವರು ಸಂಸ್ಥೆಯ ಪಾಲುದಾರರು, ಸಲಹೆಗಾರರು ಅನ್ನುವ ಮಾತು ಎಲ್ಲೆಡೆ ಬಂತು. ಒಳ್ಳೆಯದೇ. ಆದರೆ ಕಡತ, ಸಂಬಳ, ಹಾಜರಿ ನೋಡಿಕೊಳ್ಳುತ್ತಾ ಮೇಲೆ ಬಂದವರು ಅದನ್ನೇ ಮುಚ್ಚಿಡತೊಡಗಿದರು. ಸಲಹೆಗೆ ಬಲ ಬರುವುದು ಅದರಿಂದಲೇ.

ಅವರ ಪರಿಚಯ ಈಗ ಕ್ಲರ್ಕ್ ಕೆಲಸದಿಂದ ಶುರುವಾಗುತ್ತದೆ. ಆ ಪ್ರೊಫೆಸರ್ ಬದಲಾಗಿಲ್ಲ, ಮೀಟಿಂಗಿನ ಹಿಂದಿನ ರಾತ್ರಿ ನಿದ್ದೆ ಇನ್ನೂ ಅಷ್ಟಕ್ಕಷ್ಟೇ. ಪಿಎಚ್‌ಡಿ ಅರ್ಜಿ ಹಾಕಿಲ್ಲ. ಸೇವಾ ನಿಯಮಗಳ ಮೇಲೆ ಒಂದು ಚಿಕ್ಕ ಕೋರ್ಸಿಗೆ ಸೇರಿದ್ದಾರೆ, ಅದು ಕೆಲಸಕ್ಕೆ ಬೇಕಿತ್ತು.