ಅಮೆರಿಕದಲ್ಲಿ ಪೊಲೀಸರು ಕಾರು ತಡೆದಾಗ, ಗನ್ ಇಟ್ಟುಕೊಳ್ಳಲು ಪರ್ಮಿಟ್ ಇರುವವರು ‘ನನ್ನ ಹತ್ತಿರ ಗನ್ ಇದೆ’ ಅಂತ ಹೇಳಲೇಬೇಕಾ?

ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮಿಷಿಗನ್‌ನಲ್ಲಿ ಪೊಲೀಸರು ಕೇಳದಿದ್ದರೂ ತಕ್ಷಣ ಹೇಳಲೇಬೇಕು. ಒಹಾಯೊದಲ್ಲೂ ಹಾಗೇ ಇತ್ತು. 2022ರಲ್ಲಿ ಕಾನೂನು ಬದಲಾಗಿ, ಈಗ ಕೇಳಿದರೆ ಮಾತ್ರ ಹೇಳಬೇಕು.

ಇಂಥ ನಿಯಮ ಯಾಕೆ? ಕಿಟಕಿಯ ಪಕ್ಕ ನಿಂತ ಪೊಲೀಸರಿಗೆ ನಿಮ್ಮ ಜೇಬಿನ ಪರ್ಮಿಟ್ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಆ ಕೈ ಡ್ರೈವಿಂಗ್ ಲೈಸೆನ್ಸ್ ತೆಗೆಯಲು ಹೋಗುತ್ತಿದೆಯೋ, ಗನ್‌ಗೋ ಅಂತ ಅವರು ಕ್ಷಣದಲ್ಲಿ ಊಹಿಸಬೇಕು. ಮೊದಲೇ ಹೇಳಿದರೆ ಗಾಬರಿ ಕಡಿಮೆಯಾಗುತ್ತದೆ ಅನ್ನುವುದು ಲೆಕ್ಕಾಚಾರ.

ಆದರೆ ಹೇಳಿದ ಮಾತ್ರಕ್ಕೆ ಸುರಕ್ಷಿತ ಅಂತಲ್ಲ. 2016ರಲ್ಲಿ ಮಿನ್ನೆಸೋಟದಲ್ಲಿ ಫಿಲ್ಯಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ವರ್ಣೀಯರು, ಪರ್ಮಿಟ್ ಇದ್ದವರು, ತಮ್ಮ ಬಳಿ ಗನ್ ಇದೆ ಅಂತ ವಿನಯದಿಂದಲೇ ಹೇಳಿದರು. ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಗುಂಡು ಹಾರಿಸಿ ಅವರನ್ನು ಕೊಂದರು. ಮರುವರ್ಷ ಜ್ಯೂರಿ (ಕೋರ್ಟಿನಲ್ಲಿ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಗುಂಪು) ಆ ಅಧಿಕಾರಿಯನ್ನು ತಪ್ಪಿತಸ್ಥರಲ್ಲ ಅಂತ ಬಿಡುಗಡೆ ಮಾಡಿತು. ಇದು ದೊಡ್ಡ ಅನ್ಯಾಯ ಅಂತಲೇ ನನಗನಿಸುತ್ತದೆ.

ಹಾಗಾಗಿ ಬಾಯಿಗಿಂತ ಕೈ ಮುಖ್ಯ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಗನ್ ಮುಟ್ಟಬೇಡಿ. ಲೈಸೆನ್ಸ್ ಎಲ್ಲಿದೆ ಅಂತ ಮೊದಲು ಹೇಳಿ, ಅವರು ‘ಸರಿ’ ಅಂದ ಮೇಲೆ ನಿಧಾನವಾಗಿ ತೆಗೆಯಿರಿ.