4294967297: ಐದನೇ ಪ್ರಯತ್ನಕ್ಕೇ ಒಡೆಯುವ ಸಂಖ್ಯೆ

2³²ಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವೇ ಎಂದು ಕೇಳಿದ್ದೀರಿ. 100ರೊಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದ್ದೀರಿ, ಯಾವುದರಲ್ಲೂ ನಿಶ್ಶೇಷವಾಗಲಿಲ್ಲ. ಫರ್ಮಾ ಪರೀಕ್ಷೆಯನ್ನು (n ಅವಿಭಾಜ್ಯವಾದರೆ, ಅದರಿಂದ ಭಾಗವಾಗದ ಯಾವುದೇ ಸಂಖ್ಯೆಯ n−1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಲೇಬೇಕು) 2ರ ಮೇಲೆ ನಡೆಸಿದಾಗ ಶೇಷ 1 ಬಂದಿದೆ. ಹಾಗಾದರೆ ಅವಿಭಾಜ್ಯವೇ ಇರಬೇಕು ಎಂಬುದು ನಿಮ್ಮ ಊಹೆ. ಗಣಿತಜ್ಞ ಫರ್ಮಾ ಕೂಡ ಹಾಗೇ ನಂಬಿದ್ದರು: 2, 2², 2⁴, 2⁸, 2¹⁶ಕ್ಕೆ 1 ಕೂಡಿಸಿದರೆ ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯ, ಆರನೆಯದೂ ಇರಬೇಕಲ್ಲವೇ? 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದರು: 641 × 6700417.

ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಒಂದೊಂದಾಗಿ ಭಾಗಿಸುತ್ತ ಕೂರಬೇಕಿಲ್ಲ. p ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎನ್ನಿ. ಆಗ 2³²ನ್ನು pಯಿಂದ ಭಾಗಿಸಿದರೆ ಶೇಷ −1, 2⁶⁴ಕ್ಕೆ ಶೇಷ 1. 64ಕ್ಕಿಂತ ಚಿಕ್ಕ ಯಾವ ಘಾತಕ್ಕೂ 1 ಬರುವುದಿಲ್ಲ. ಆದರೆ p ಅವಿಭಾಜ್ಯವಾದ್ದರಿಂದ p−1ನೇ ಘಾತಕ್ಕೆ 1 ಬರಲೇಬೇಕು. ಆದ್ದರಿಂದ p−1 ಎಂಬುದು 64ರ ಗುಣಕ. 64k+1 ರೂಪದ ಅವಿಭಾಜ್ಯಗಳನ್ನಷ್ಟೇ ಬರೆದುಕೊಳ್ಳಿ: 193, 257, 449, 577, 641. ಐದನೆಯದಕ್ಕೆ ಶೇಷ ಸೊನ್ನೆ. ನೀವು 100ರೊಳಗೆ ಹುಡುಕಿದ್ದು ಅಪವರ್ತನ ಇರಲು ಸಾಧ್ಯವೇ ಇಲ್ಲದ ಜಾಗದಲ್ಲಿ.

ಭಾಗಾಕಾರವನ್ನೇ ಮಾಡದೆಯೂ ಇದನ್ನು ಕಾಣಬಹುದು, ನನಗೆ ಬಹಳ ಇಷ್ಟವಾದ ದಾರಿ ಅದು. 641 = 5×2⁷ + 1. ಅಂದರೆ 641ರ ಲೆಕ್ಕದಲ್ಲಿ 5×2⁷ಕ್ಕೆ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ಕ್ಕೆ ಶೇಷ 1. ಇತ್ತ 641 = 625 + 16, ಅಂದರೆ 5⁴ + 2⁴; ಹಾಗಾಗಿ 5⁴ ಇರುವಲ್ಲಿ −2⁴ ಇಡಬಹುದು. −2³²ಕ್ಕೆ ಶೇಷ 1 ಆಯಿತು. 2³²+1ಕ್ಕೆ ಶೇಷ 0.

ಇನ್ನು ನಿಮ್ಮ ಪರೀಕ್ಷೆ ಏಕೆ ಮೋಸಮಾಡಿತು? pಯಿಂದ ಭಾಗಿಸಿದಾಗ 2⁶⁴ಕ್ಕೆ ಶೇಷ 1 ಎಂದು ಆಗಲೇ ಕಂಡೆವು; ಇಡೀ ಸಂಖ್ಯೆಯಿಂದ ಭಾಗಿಸಿದರೂ ಹಾಗೆಯೇ. ನೀವು ತೆಗೆದುಕೊಂಡ ಘಾತ 2³², ಅದು 64ರ ಗುಣಕ. ಸಂಖ್ಯೆ ಅವಿಭಾಜ್ಯವಾಗಿರಲಿ, ಇಲ್ಲದಿರಲಿ, 1 ಬಂದೇ ಬರುತ್ತದೆ. ಈ ಜಾತಿಯ ಸಂಖ್ಯೆಗಳಿಗೆಲ್ಲ 2ರ ಪರೀಕ್ಷೆ ನಿರುಪಯೋಗಿ. 3ರ ಮೇಲೆ ನಡೆಸಿ, 1 ಬರುವುದಿಲ್ಲ, ಗುಟ್ಟು ರಟ್ಟಾಗುತ್ತದೆ. ಕಂಪ್ಯೂಟರಿನಲ್ಲಿ ಮಾಡುವುದಾದರೆ 32 ಬಿಟ್‌ನ ಪೂರ್ಣಾಂಕ ಬಳಸಬೇಡಿ: ಚಿಹ್ನೆಯಿಲ್ಲದ 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4294967295, ನಿಮ್ಮದು ಅದನ್ನು ದಾಟಿ ಬರೀ 1 ಆಗಿ ಉಳಿಯುತ್ತದೆ. 64 ಬಿಟ್ ತೆಗೆದುಕೊಂಡರೂ ಗುಣಾಕಾರದ ನಡುವೆ ಅದೂ ತುಂಬಿ ಹರಿಯಬಹುದು, ಎಚ್ಚರ.

6700417 ಮತ್ತೆ ಒಡೆಯುತ್ತದೆಯೇ? ಇಲ್ಲ. 4294967297ರ ಅಪವರ್ತನಗಳು 128k+1 ರೂಪದಲ್ಲೇ ಇರಬೇಕೆಂದು 1878ರಲ್ಲಿ ಗಣಿತಜ್ಞ ಲೂಕಾ ತೋರಿಸಿದರು. 6700417ರ ವರ್ಗಮೂಲ 2588ರ ಆಸುಪಾಸು. ಅಷ್ಟರೊಳಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 170, 44, 120, 334, 622; ಯಾವುದೂ ಸೊನ್ನೆಯಲ್ಲ.

ಮುಂದಿನದು 2⁶⁴+1. ಅಲ್ಲಿ 256k+1 ಹುಡುಕಬೇಕು. 1880ರಲ್ಲಿ ಗಣಿತಜ್ಞ ಲಾಂದ್ರಿ ಕಂಡ ಅಪವರ್ತನ 274177; ಅದಕ್ಕೆ k = 1071.