ಹಳೆಯ ಫೋಟೋಗಳಲ್ಲಿ ನದಿ ಕನ್ನಡಿಯಂತಿರುವುದೇಕೆ?

ಪ್ರಶ್ನೆ: ನೂರೈವತ್ತು ವರ್ಷ ಹಳೆಯ ನಗರಗಳ ಫೋಟೋಗಳಲ್ಲಿ ನದಿ ಹಾಲು ಸುರಿದಂತೆ ನುಣ್ಣಗಿರುತ್ತದೆ, ದಡದ ಕಟ್ಟಡಗಳ ಬಿಂಬ ಮಸುಕಾಗಿರುತ್ತದೆ. ಆಕಾಶದಲ್ಲಿ ಮೋಡವಿಲ್ಲ, ಬೀದಿಯಲ್ಲಿ ಜನವಿಲ್ಲ. ಆಗಲೂ ಚಿತ್ರ ತಿದ್ದುತ್ತಿದ್ದರೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಿದ್ದುವವರೂ ಇದ್ದರು, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ನೀವು ಕಂಡ ನುಣುಪು ಬಂದದ್ದು ತಡದಿಂದ. ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸುತ್ತ ನಿಂತು, ಮತ್ತೆ ಮುಚ್ಚುತ್ತಿದ್ದ ಕಾಲ ಅದು. ಎಣಿಕೆ ಮುಗಿಯುವುದರೊಳಗೆ ಎಷ್ಟೋ ಅಲೆಗಳು ಎದ್ದು ಬಿದ್ದಿರುತ್ತಿದ್ದವು. ಆಗ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ಇರುತ್ತಿದ್ದ ತಟ್ಟೆಯ ಮೇಲೆ ಅವೆಲ್ಲ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಕಟ್ಟಡದ ಬಿಂಬ ಇದ್ದಲ್ಲೇ ಅಲುಗಾಡುವುದರಿಂದ ಅಂಚನ್ನಷ್ಟೇ ಕಳೆದುಕೊಂಡು ಉಳಿಯುತ್ತಿತ್ತು. ಸ್ಟುಡಿಯೋ ಇಟ್ಟುಕೊಂಡಿದ್ದ ದಿನಗಳಲ್ಲಿ ನಾನೂ ಒಂದು ಸಂಜೆ ಕೆರೆ ಏರಿಯ ಮೇಲೆ ಸ್ಟ್ಯಾಂಡ್ ಹಾಕಿ, ಮೂವತ್ತು ಸೆಕೆಂಡು ಷಟರ್ ತೆರೆದಿಟ್ಟಿದ್ದೆ. ಆಚೆ ದಡದ ಬೀದಿದೀಪ ನೀರಿನಲ್ಲಿ ಉದ್ದನೆಯ ಗೆರೆಯಾಗಿ ಇಳಿದಿತ್ತು. ಈಜುತ್ತಿದ್ದ ಬಾತುಕೋಳಿಗಳು ಮಾತ್ರ ಚಿತ್ರದಲ್ಲಿ ಇರಲೇ ಇಲ್ಲ.

ಜನ ಮಾಯವಾಗುವುದೂ ಹೀಗೆಯೇ. 1838ರಲ್ಲಿ, ಫೋಟೋಗ್ರಫಿಗೆ ದಾರಿ ತೆರೆದವರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ಕಿಟಕಿಯಿಂದ ಸೆರೆಹಿಡಿದಾಗ ಓಡಾಡುತ್ತಿದ್ದವರೆಲ್ಲ ಅಳಿಸಿಹೋದರು. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದವನೊಬ್ಬ ಉಳಿದುಕೊಂಡ.

ಆಕಾಶದ ಕತೆ ಬೇರೆ. ಆ ತಟ್ಟೆಗಳು ನೀಲಿ ಬೆಳಕಿಗೆ ಬೇಗ ಒಲಿಯುತ್ತಿದ್ದವು. ಕಟ್ಟಡಕ್ಕೆ ಸಾಲುವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಬಿಳಿಚಿಹೋಗುತ್ತಿತ್ತು. ಅದಕ್ಕೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಮುದ್ರಿಸಿದ. ಮದುಮಗಳ ಮೊಡವೆಗಳನ್ನು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತೀಡಿ ಸಂಸಾರ ನಡೆಸಿದ ನಾನು ಅವನನ್ನು ಆಕ್ಷೇಪಿಸುವಂತಿಲ್ಲ.

ಇಷ್ಟಾದರೂ ಎಲ್ಲ ಹಳೆಯ ಚಿತ್ರಗಳೂ ಮಸುಕೆಂದುಕೊಳ್ಳಬೇಡಿ. 1848ರಲ್ಲಿ ಫಾಂಟೇನ್ ಮತ್ತು ಪೋರ್ಟರ್ ಎಂಬಿಬ್ಬರು ಒಹಾಯೋ ನದಿಯ ಆಚೆ ದಡದಲ್ಲಿ ನಿಂತು ಅಮೆರಿಕದ ಸಿನ್ಸಿನಾಟಿ ನಗರವನ್ನು ಎಂಟು ತಟ್ಟೆಗಳಲ್ಲಿ ಹಿಡಿದರು. ಅಷ್ಟರಲ್ಲಿ ಕಾಯುವ ಹೊತ್ತು ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿದಿತ್ತು. ದಡದುದ್ದಕ್ಕೂ ಹಬೆದೋಣಿಗಳು, ಅವುಗಳ ಹಿಂದೆ ಮನೆ, ಮಳಿಗೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಗೋಪುರದ ಗಡಿಯಾರದ ಮುಳ್ಳುಗಳೂ ಕಾಣುತ್ತವೆ. ಎರಡು ಗಂಟೆಗೆ ಸ್ವಲ್ಪವೇ ಬಾಕಿ. ಬೆಳ್ಳಿ ಲೇಪಿಸಿ ಹೊಳಪು ಕೊಟ್ಟ ತಾಮ್ರದ ತಟ್ಟೆಗಳವು. ಅಂಥದ್ದನ್ನು ಎದುರಿಗೆ ಹಿಡಿದು ನೋಡುವ ಅವಕಾಶ ಸಿಕ್ಕರೆ ತುಸು ಓರೆ ಮಾಡಿಕೊಳ್ಳಿ, ಇಲ್ಲವಾದರೆ ನದಿಯ ನಟ್ಟನಡುವೆ ನಿಮ್ಮದೇ ಮೂಗು ಕಾಣುತ್ತದೆ.